ಕೆಂಪು ಬಿದ್ದರೆ ನಿಲ್ಲಬೇಕು

ಶಹಾಬಾದಿನಲ್ಲಿ ಕಲ್ಲಿಗೇನು ಬರ?
ದನದ ಕೊಟ್ಟಿಗೆಗೂ ಇಲ್ಲಿ ಫರಸಿಯೇ ಹಾಸು,
ಹಿತ್ತಲ ಬೇಲಿಗೂ ನಿಲ್ಲಿಸಿದ ಚಪ್ಪಡಿ,
ಸತ್ತವರ ತಲೆಯ ಹತ್ತಿರವೂ ಅದೇ ಬೂದುಬಣ್ಣದ ಪದರು.
ಅಂಥ ಊರಿನಲ್ಲಿ, ಹಳಿಯ ಆಚೆ,
ಇದೊಂದು ಮಾತ್ರ ಇಟ್ಟಿಗೆ.
ಬೇಸಿಗೆಯ ರಾತ್ರಿ ಗೋಡೆಗೆ ಬೆನ್ನು ಹಚ್ಚಿದರೆ
ಹನ್ನೊಂದರ ತನಕ ಬಿಸಿ.

ಅಪ್ಪ ಹೇಳುತ್ತಿದ್ದ, ಅವನಿಗೆ ಅವನಪ್ಪ:
ನಕ್ಷೆ ಬಂದದ್ದು ಹಡಗಿನಲ್ಲಿ, ಆಮೇಲೆ ಗೂಡ್ಸ್ ಗಾಡಿಯಲ್ಲಿ,
ತಗಡಿನ ಕೊಳವೆಯೊಳಗೆ ಸುರುಳಿಯಾಗಿ.
ರೈಲ್ವೆ ಸಾಹೇಬ ಬಿಚ್ಚಿ ಹಾಸಿ
ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು
ಚೂಪು ಕಮಾನಿನ ಮೇಲೆ ಬೆರಳೂರಿದ:
ಇದು ನಮ್ಮ ಕಡೆಯದು, ನಿಮಗೆ ಕಷ್ಟ.
ಗೌಂಡಿ ಲಾಡ್ಲೇಸಾಬ ಬಗ್ಗಿ ನೋಡಿದ,
ಹೋಗಿ ಎಲೆಯಡಿಕೆ ಉಗುಳಿ ಬಂದ,
ಮತ್ತೆ ನೋಡಿದ.
'ಸಾಹೇಬ್ರ, ಇದಕ್ಕ ಅಷ್ಟು ದೂರ ಯಾಕ ಹೋದ್ರಿ?
ಕಲಬುರ್ಗಿ ಕಿಲ್ಲೇದಾಗ ನಮ್ಮ ಮುತ್ಯಾನ ಮುತ್ಯಾಗೋಳು
ಇಂಥವೇ ಸಾಲಾಗಿ ನಿಲ್ಲಿಸ್ಯಾರ.'
ದುಭಾಷಿ ಅದರಲ್ಲಿ ಎಷ್ಟು ದಾಟಿಸಿದನೋ.
ಸಾಹೇಬ ತಲೆಯಾಡಿಸಿದ, ಅಷ್ಟೇ ಕತೆ.

'ಕಲ್ಲಿನ ಊರಾಗ ಮಣ್ಣು ಸುಡೋದಂದ್ರ...'
ಆ ಮಾತನ್ನು ಲಾಡ್ಲೇಸಾಬ ಪೂರ್ತಿ ಮಾಡಲಿಲ್ಲ.
ಸಾಹೇಬನ ತಾಯಿ ಮದುವೆಯಾದ ಚರ್ಚು ಕೆಂಪಗಿತ್ತಂತೆ.

ಕಾಗಿಣಾ ದಂಡೆಯ ಮಣ್ಣು, ಜೋಳದ ಹೊಟ್ಟು, ಜಾಲಿ ಕಟ್ಟಿಗೆ.
ತುಳಿದ ಹೆಂಗಸರ ಹೆಸರು ಯಾವ ವಹಿಯಲ್ಲೂ ಇಲ್ಲ.
ಇರುವುದು ದಕ್ಷಿಣದ ಆನಿಕೆಯಲ್ಲಿ, ನನ್ನ ಸೊಂಟದೆತ್ತರಕ್ಕೆ:
ಒಂದು ಇಟ್ಟಿಗೆಯಲ್ಲಿ ಐದು ಪುಟ್ಟ ಬೆರಳು,
ಪಕ್ಕದ್ದರಲ್ಲಿ ಆಡಿನ ಗೊರಸು.
ಕೂಸು ಆಡಿನ ಹಿಂದೆ ಓಡಿತ್ತೋ, ಆಡು ಕೂಸಿನ ಹಿಂದೋ.
ಎರಡನ್ನೂ ಒಳಮುಖ ಮಾಡಿ ಮುಚ್ಚಬಹುದಿತ್ತು ಲಾಡ್ಲೇಸಾಬ.
ಹೊರಗೇ ಇಟ್ಟ.

ಅರ್ಧ ಗೋಡೆ ಏಳುವಷ್ಟರಲ್ಲಿ
ಸಾಹೇಬನಿಗೆ ವರ್ಗವಾಯಿತು, ನಕ್ಷೆಗೆ ಗೆದ್ದಲು.
ನಿಂತು ನೋಡಿದರೆ ಈಗಲೂ ಕಾಣುತ್ತದೆ:
ಕೆಳಗಿನ ಕಿಟಕಿಗಳು ಸಾಹೇಬನ ಅಳತೆ, ಉಸಿರು ಬಿಗಿಹಿಡಿದು ನಿಂತಂತೆ.
ಮೇಲಿನವು ನೆನಪಿನಿಂದ ಕಟ್ಟಿದವು,
ತುಸು ಭುಜ ಅಗಲ, ರುಮಾಲು ಸುತ್ತಿದ ಗಂಡಸಿನಂತೆ.
ಗೋಪುರ ಏಳಲೇ ಇಲ್ಲ.
ಏಳಬೇಕಿದ್ದ ಕಡೆ ಎರಡು ಕಂಬ, ಅಡ್ಡಕ್ಕೊಂದು ಹಳಿಯ ತುಂಡು,
ಅದಕ್ಕೆ ಗಂಟೆ.

ಪೂರ್ವದ ದುಂಡು ಕಿಟಕಿಗೆ ಬಂದ ಬಣ್ಣದ ಗಾಜಿನಲ್ಲಿ
ಒಂದು ಹೋಳು ದಾರಿಯಲ್ಲೇ ಒಡೆದಿತ್ತು.
ಗಾರ್ಡ್ ದೇವದಾನಪ್ಪ, ನಮ್ಮ ಮುತ್ಯಾನ ಷಡ್ಡಕ,
ಹಳೆಯ ಸಿಗ್ನಲ್ ದೀಪದ ಗಾಜು ಕತ್ತರಿಸಿ ಕೂರಿಸಿದ.
ಯಾರನ್ನು ಕೇಳಿ? ಗೊತ್ತಿಲ್ಲ.

ನನ್ನಪ್ಪ ಸಂಸೋನ ವಾರವೆಲ್ಲ ಪಾಯಿಂಟ್ಸ್‌ಮನ್,
ಭಾನುವಾರ ಗಂಟೆ ಹೊಡೆಯುವವನು.
ನಸುಕಿನಲ್ಲಿ ಕಸ ಗುಡಿಸುವಾಗ
ಆ ಕೆಂಪು ಬೆಳಕು ಫರಸಿ ದಾಟಿ ಅವನ ಪಾದಕ್ಕೆ ಬಂದರೆ
ಪೊರಕೆ ಎತ್ತಿ ಹಿಡಿದು ನಿಂತುಬಿಡುತ್ತಿದ್ದ.
'ಕೆಂಪು ಬಿದ್ದರ ನಿಲ್ಲಬೇಕವ್ವಾ.'
ನಾನು ನಗುತ್ತಿದ್ದೆ.
ಅವನು ನಗುತ್ತಿರಲಿಲ್ಲ.

ಈಗ ಬೀಗದ ಕೈ ನನ್ನ ಸೆರಗಿನಲ್ಲಿ.
ಹಿಂದೊಮ್ಮೆ ಯಾರೋ ಗಾರೆ ಕೆತ್ತಿ ಸಿಮೆಂಟು ಮೆತ್ತಿದರು;
ಸುಣ್ಣ ಬೆವರುತ್ತಿತ್ತು, ಸಿಮೆಂಟು ಬೆವರುವುದಿಲ್ಲ.
ಒಳಗೇ ಉಪ್ಪುಗಟ್ಟಿ ಇಟ್ಟಿಗೆ ಉದುರುತ್ತಿದೆ.
ದಿನಾ ಒಂದು ಮೊರ ಕೆಂಪು ಪುಡಿ ಬಳಿಯುತ್ತೇನೆ,
ಚೆಲ್ಲಲು ಮನಸ್ಸು ಬರದೆ
ದಾಸವಾಳದ ಬುಡಕ್ಕೆ ಹಾಕುತ್ತೇನೆ.

ಕೆಡವಿ ಕಟ್ಟೋಣ ಎಂದಿದೆ ಕಮಿಟಿ. ಗೋಡೆಗೆ ಟೈಲ್ಸ್ ಅಂತೆ.
ಇವತ್ತು ಟೇಪು ಹಿಡಿದು ಒಬ್ಬ ಹುಡುಗ ಬಂದ.
'ಇದರ ನಕ್ಷೆ ಅದೇನ್ರಿ?'
'ಗೆದ್ದಲಿನ ಹೊಟ್ಯಾಗ' ಅಂದೆ.
ಅವನು ನಗುತ್ತ ನಡುವಿನ ಅಂಕಣ ದಾಟಿದ,
ಅಷ್ಟರಲ್ಲಿ ಬೆಳಕು ಅವನ ಬೂಟಿನ ಮೇಲೆ.
'ನಿಲ್ಲಪ್ಪಾ.'
ನನ್ನ ದನಿಗೆ ಬೆಚ್ಚಿ ನಿಂತ, ಒಂದು ಕಾಲು ಮುಂದಿಟ್ಟು.
'ಯಾಕ್ರಿ?'

ಹೊರಗೆ ಗೂಡ್ಸ್ ಗಾಡಿ ಹಾಯಿತು.
ಗೋಡೆ ನಡುಗಿ ಅವನ ಕೂದಲ ಮೇಲೆ ಚೂರು ಪುಡಿ ಉದುರಿತು.
ನಾನು ಡಬ್ಬಿ ಎಣಿಸುತ್ತಿದ್ದೆ.
ನಲವತ್ತೊಂದಕ್ಕೆ ಲೆಕ್ಕ ತಪ್ಪಿತು.